ಗಾರೆಯ ಆಕಾಶ, ಸುಟ್ಟಮಣ್ಣಿನ ಮುಖ

ಕನ್ನಡದಲ್ಲಿ ಲಾಡ್ಜ್ ಎಂದರೆ ಬಸ್ ಸ್ಟ್ಯಾಂಡಿನ ಎದುರು ರೂಮು ಸಿಗುವ ಜಾಗ. ನಾನಿಲ್ಲಿ ಹೇಳಹೊರಟಿರುವುದು ಬೇರೆ ಬಗೆಯ ಲಾಡ್ಜಿನ ಬಗ್ಗೆ. ಫ್ರೀಮೇಸನ್, ಆಡ್ ಫೆಲೋಸ್, ನೈಟ್ಸ್ ಆಫ್ ಪಿಥಿಯಸ್ ಮುಂತಾದ ಸೋದರ ಸಂಘಗಳ ಸದಸ್ಯರು ಬಾಗಿಲು ಹಾಕಿಕೊಂಡು ಸಭೆ ಸೇರುತ್ತಿದ್ದ ಮನೆಗೂ ಅದೇ ಹೆಸರು. ಹತ್ತೊಂಬತ್ತನೇ ಶತಮಾನದ ಕೊನೆಯಿಂದ 1930ರ ಹೊತ್ತಿನವರೆಗೆ ಅಮೆರಿಕದ ಸಣ್ಣ ಊರುಗಳಲ್ಲೂ ಇಂಥ ಕಟ್ಟಡಗಳು ಎದ್ದವು. ಕೆಳಗೆ ಅಂಗಡಿ ಸಾಲು, ನಡುವೆ ಕಚೇರಿಗಳು, ಮೇಲೆ ಗುಟ್ಟಿನ ಸಭಾಕೋಣೆ. ಬಾಡಿಗೆ ಬಂದರೆ ಸಂಘ ನಡೆಯುತ್ತದೆ ಎಂಬ ಸರಳ ಲೆಕ್ಕ. ಬಾಡಿಗೆ ಹುಟ್ಟುವ ಜಾಗಗಳಲ್ಲಿ ರಂಗಮಂದಿರವೂ ಒಂದು.

ರಂಗಮಂದಿರ ಅಲ್ಲಿಗೆ ಬಂದದ್ದು ದುಡ್ಡಿಗಾಗಿ ಮಾತ್ರ ಎನ್ನಲಾರೆ. ಆ ಸಂಘಗಳ ಒಳಗಿನ ಕಲಾಪವೇ ಒಂದು ನಾಟಕ. ಹೊಸದಾಗಿ ಸೇರುವವನನ್ನು ಕಣ್ಣಿಗೆ ಬಟ್ಟೆ ಕಟ್ಟಿ ಕರೆತರುತ್ತಿದ್ದರು. ಹಳಬರು ರಾಜ, ಪುರೋಹಿತ, ಶಿಲ್ಪಿಗಳ ಪಾತ್ರ ವಹಿಸಿ ಬಾಯಿಪಾಠ ಮಾಡಿದ ಮಾತು ಒಪ್ಪಿಸುತ್ತಿದ್ದರು. ಸ್ಕಾಟಿಷ್ ರೈಟ್ ಎಂಬ ಮೇಸನ್ ಪಂಥವಂತೂ ಪರದೆ, ದೀಪ, ವೇಷಗಳಿರುವ ಪೂರ್ಣ ರಂಗಸಜ್ಜಿಕೆಯಲ್ಲೇ ದೀಕ್ಷೆ ಕೊಡುತ್ತಿತ್ತು. ಹಗಲಲ್ಲಿ ವಿಮಾ ಏಜೆಂಟನೋ ಹತ್ತಿ ವ್ಯಾಪಾರಿಯೋ ಆಗಿದ್ದವನು ರಾತ್ರಿ ಸೊಲೊಮನ್ ರಾಜನಾಗುತ್ತಿದ್ದ. ಹೀಗಿರುವಾಗ ಲಾಡ್ಜ್ ಕಟ್ಟಡವನ್ನೂ ನಾಟಕವನ್ನು ಓದುವ ಹಾಗೆ ಓದಬಹುದು: ಯಾರು ಯಾವ ವೇಷ ಹಾಕಿದರು, ಯಾರು ಎಲ್ಲಿ ಕೂತು ನೋಡಿದರು, ಯಾರಿಗೆ ಟಿಕೆಟ್ ಸಿಗಲಿಲ್ಲ.

ಹಾಗೆ ಓದಲು ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರಕ್ಕಿಂತ ಒಳ್ಳೆಯ ಪಠ್ಯ ನನಗೆ ಗೊತ್ತಿಲ್ಲ. ಅಲ್ಲಿನ ಫಾಕ್ಸ್ ಥಿಯೇಟರ್ ಲೋಕಪ್ರಸಿದ್ಧ. ಅದು ಮೂಲದಲ್ಲಿ ಬಿಳಿಯರ ಸಂಘವೊಂದರ ಮನೆ. ಅದರಿಂದ ಎರಡು ಮೈಲಿಯೊಳಗೆ, ಆಬರ್ನ್ ಅವೆನ್ಯೂ ಎಂಬ ಬೀದಿಯಲ್ಲಿ, ಕಪ್ಪು ಜನರ ಸಂಘವೊಂದು ಫಾಕ್ಸ್‌ಗಿಂತ ಹದಿನೈದು ವರ್ಷ ಮೊದಲೇ ತನ್ನ ಲಾಡ್ಜನ್ನೂ ರಂಗಮಂದಿರವನ್ನೂ ಕಟ್ಟಿಕೊಂಡಿತ್ತು. ಫಾಕ್ಸ್ ಬಗ್ಗೆ ಬಂದಿರುವ ಬರಹಗಳಲ್ಲಿ ಹೆಚ್ಚಿನವು ಈ ಎರಡನೆಯದನ್ನು ಹೆಸರಿಸುವುದೂ ಇಲ್ಲ. ಒಂದನ್ನು ಬಿಟ್ಟು ಇನ್ನೊಂದನ್ನು ಓದಿದರೆ ಅರ್ಥ ಅರ್ಧಕ್ಕೇ ನಿಲ್ಲುತ್ತದೆ ಎಂಬುದು ನನ್ನ ವಾದ.

ಮೊದಲು ಫಾಕ್ಸ್. ಪೀಚ್‌ಟ್ರೀ ಬೀದಿಯಲ್ಲಿ ಪಟ್ಟೆ ಪಟ್ಟೆ ಇಟ್ಟಿಗೆಯ ಗೋಡೆ, ಈರುಳ್ಳಿ ಆಕಾರದ ಗುಮ್ಮಟ, ಮಿನಾರು, ಕಮಾನು. ಹೊಸಬರು ಮಸೀದಿ ಎಂದುಕೊಂಡರೆ ಅವರ ತಪ್ಪಲ್ಲ. ಕಟ್ಟಿಸಿದವರೂ ಅದನ್ನು 'ಮಾಸ್ಕ್' ಎಂದೇ ಕರೆದರು. ಆದರೆ ಅಲ್ಲಿ ಯಾರೂ ನಮಾಜು ಮಾಡಲಿಲ್ಲ. ಕಟ್ಟಿಸಿದ್ದು ಶ್ರೈನರ್ ಸಂಘದ ಯಾರಬ್ ಟೆಂಪಲ್ ಎಂಬ ಅಟ್ಲಾಂಟಾ ಶಾಖೆ. ಮಸೀದಿ, ಟೆಂಪಲ್, ಶ್ರೈನ್ ಮೂರೂ ಹೆಸರು ಒಂದೇ ಕಟ್ಟಡಕ್ಕೆ. ಸದಸ್ಯರು ಬಹುಪಾಲು ಪ್ರಾಟೆಸ್ಟೆಂಟ್ ಕ್ರೈಸ್ತರು.

ಈ ವಿಚಿತ್ರ ಅರ್ಥವಾಗಲು ಸಂಘದ ಹುಟ್ಟನ್ನು ನೋಡಬೇಕು. 1870ರ ಆಸುಪಾಸಿನಲ್ಲಿ ನ್ಯೂಯಾರ್ಕಿನ ನಿಕರ್‌ಬಾಕರ್ ಕಾಟೇಜ್ ಎಂಬ ಹೋಟೆಲಿನಲ್ಲಿ ಊಟಕ್ಕೆ ಸೇರುತ್ತಿದ್ದ ಕೆಲವು ಮೇಸನ್‌ಗಳಿಗೆ ತಮ್ಮ ಮೂಲ ಸಂಘದ ಗಂಭೀರ ವಿಧಿಗಳು ಸಾಕೆನ್ನಿಸಿದ್ದವು. ನಗು, ಕುಡಿತ, ಮೆರವಣಿಗೆ ಇರುವ ಇನ್ನೊಂದು ಬೇಕಿತ್ತು. ಅವರಲ್ಲಿ ಇಬ್ಬರು ಮುಖ್ಯರು: ವಾಲ್ಟರ್ ಫ್ಲೆಮಿಂಗ್ ಎಂಬ ವೈದ್ಯ, ವಿಲಿಯಂ ಫ್ಲಾರೆನ್ಸ್ ಎಂಬ ಹೆಸರಾಂತ ನಟ. ಫ್ರಾನ್ಸಿನ ಮಾರ್ಸೇಲ್ಸ್‌ನಲ್ಲಿ ಅರಬ್ ರಾಜತಾಂತ್ರಿಕನೊಬ್ಬ ಕೊಟ್ಟ ಔತಣದಲ್ಲಿ ಕಂಡ ಸಂಗೀತ ನಾಟಕವೊಂದು ತನಗೆ ಸ್ಫೂರ್ತಿ ಎಂದು ಫ್ಲಾರೆನ್ಸ್ ಕಥೆ ಕಟ್ಟಿದ. ಕೆಂಪು ಫೆಜ್ ಟೋಪಿ ಬಂತು, 'ಅಸ್ಸಲಾಮು ಅಲೈಕುಂ' ಎಂಬ ವಂದನೆ ಬಂತು, 1872ರಲ್ಲಿ ಮೆಕ್ಕಾ ಎಂಬ ಹೆಸರಿನ ಮೊದಲ ಶಾಖೆ ಶುರುವಾಯಿತು. ನಟನೊಬ್ಬ ಹುಟ್ಟಿಸಿದ ಸಂಘ ಕೊನೆಗೆ ಥಿಯೇಟರ್ ಕಟ್ಟಿದರೆ ಆಶ್ಚರ್ಯವೇನಿಲ್ಲ.

ಯಾರಬ್ ಟೆಂಪಲ್ಲಿನವರ ಕನಸು ಅವರ ಜೇಬಿಗಿಂತ ದೊಡ್ಡದಿತ್ತು. ನಕ್ಷೆ ಹಾಕಿದ್ದು ಮೇರೀ, ಆಲ್ಜರ್ ಮತ್ತು ವಿನೂರ್ ಸಂಸ್ಥೆ. ಅಲಂಕಾರದ ಕಲ್ಪನೆ ಬಹುಮಟ್ಟಿಗೆ ಒಲಿವಿಯೇ ವಿನೂರ್ ಎಂಬ ಫ್ರೆಂಚನದು. ಸ್ಪೇನಿನ ಅಲ್‌ಹಂಬ್ರಾ ಅರಮನೆ ಒಂದು ಕಡೆ, ಈಜಿಪ್ಟಿನ ದೇವಾಲಯಗಳು ಇನ್ನೊಂದು ಕಡೆ. 1922ರಲ್ಲಿ ಟುಟಾಂಖಾಮನ್ ಗೋರಿ ತೆರೆದ ಮೇಲೆ ಪಶ್ಚಿಮಕ್ಕೆ ಹಿಡಿದಿದ್ದ ಈಜಿಪ್ಟ್ ಹುಚ್ಚು ಇಲ್ಲೊಂದು ನೃತ್ಯಶಾಲೆಯಾಗಿ ಉಳಿದುಕೊಂಡಿದೆ. ಹಣ ಸಾಲದೆ ಹೋದಾಗ ಸಂಘ ಸಭಾಂಗಣವನ್ನು ಸಿನಿಮಾ ಉದ್ಯಮಿ ವಿಲಿಯಂ ಫಾಕ್ಸ್‌ಗೆ ದೀರ್ಘ ಗುತ್ತಿಗೆಗೆ ಕೊಟ್ಟಿತು. ಹಾಗೆ ಮಸೀದಿಯ ವೇಷದ ಲಾಡ್ಜು ಚಿತ್ರಮಂದಿರವಾಯಿತು. ಬಾಗಿಲು ತೆರೆದದ್ದು 1929ರ ಕ್ರಿಸ್ಮಸ್ ದಿನ, ವಾಲ್ ಸ್ಟ್ರೀಟ್ ಕುಸಿದು ಎರಡು ತಿಂಗಳಾಗಿತ್ತು. ಮೂರು ವರ್ಷದೊಳಗೆ ಫಾಕ್ಸ್ ದಿವಾಳಿ, ಶ್ರೈನರ್‌ಗಳು ಕಟ್ಟಡ ಕಳೆದುಕೊಂಡರು. ಲಾಡ್ಜ್ ಆಗಿ ಅದರ ಆಯುಸ್ಸು ಅಷ್ಟೇ. ಉಳಿದ ಎಲ್ಲ ವರ್ಷ ಅದು ಬರೀ ಥಿಯೇಟರು.

ಒಳಗಿನ ಸಭಾಂಗಣದ ಎದುರು ಸ್ವಲ್ಪ ಹೊತ್ತು ನಿಲ್ಲಬೇಕು. ಸುಮಾರು 4,600 ಆಸನಗಳ ಆ ಹಾಲಿಗೆ ಚಾವಣಿಯೇ ಇಲ್ಲವೇನೋ ಎನ್ನಿಸುವಂತೆ ಮಾಡಿದ್ದಾರೆ. ಕೋಟೆಗೋಡೆ ಸುತ್ತುವರಿದ ಅರಬ್ ಅಂಗಳ, ಮೇಲೆ ಕಡುನೀಲಿ ರಾತ್ರಿ, ಅದರಲ್ಲಿ 96 ಹರಳಿನ ನಕ್ಷತ್ರಗಳು, ಕೆಲವು ಮಿನುಗುತ್ತವೆ. ಯಂತ್ರದಿಂದ ಮೋಡ ತೇಲಿಸುತ್ತಾರೆ, ಸೂರ್ಯನನ್ನು ಮುಳುಗಿಸುತ್ತಾರೆ. ಬಾಲ್ಕನಿಯ ಮೇಲೆ ಚಾಚಿರುವ ಪಟ್ಟೆ ಬಟ್ಟೆಯ ಡೇರೆ ಬಟ್ಟೆಯದಲ್ಲ, ಗಾರೆಯದು. ಕಬ್ಬಿಣದ ಸರಳಿನಿಂದ ತೂಗುಬಿಟ್ಟಿದ್ದಾರೆ. ಮರದ ತೊಲೆಯಂತೆ ಕಾಣುವವೂ ಗಾರೆಯೇ. ನಮ್ಮ ಟೂರಿಂಗ್ ಟಾಕೀಸಿನವರು ನಿಜವಾದ ಟೆಂಟಿನ ಕೆಳಗೆ ಮಣ್ಣಿನ ಮೇಲೆ ಕೂತು ಸಿನಿಮಾ ನೋಡುತ್ತಿದ್ದ ಕಾಲದಲ್ಲೇ ಅಲ್ಲಿ ಲಕ್ಷಾಂತರ ಡಾಲರ್ ಸುರಿದು ಸುಳ್ಳು ಟೆಂಟು ಕಟ್ಟುತ್ತಿದ್ದರು ಎಂದು ನೆನೆದರೆ ನಗು ಬರುತ್ತದೆ. ನೆಲದಡಿಯಿಂದ ಮೇಲೇಳುವ ಮೋಲರ್ ಕಂಪನಿಯ ಪೈಪ್ ಆರ್ಗನ್‌ಗೆ 3,622 ಕೊಳವೆಗಳಿವೆ. ಮೊದಲ ದಿನದ ಕಾರ್ಯಕ್ರಮದಲ್ಲಿ ಮಿಕ್ಕಿ ಮೌಸ್ ಕಾರ್ಟೂನ್ ಕೂಡ ಇತ್ತು.

ಇಂಥ ಕಟ್ಟಡ ಕಂಡ ಕೂಡಲೇ ನಮ್ಮ ಸಾಹಿತ್ಯದ ವಿದ್ಯಾರ್ಥಿಗಳ ನಾಲಿಗೆಗೆ ಎಡ್ವರ್ಡ್ ಸಯೀದ್ ಹೆಸರು ಬರುತ್ತದೆ. ಓರಿಯೆಂಟಲಿಸಂ, ಪೂರ್ವವನ್ನು ವಿಲಾಸದ ಸಾಮಾನಾಗಿ ಮಾಡಿದ ಪಶ್ಚಿಮ, ಇತ್ಯಾದಿ. ಮಾತು ಸುಳ್ಳಲ್ಲ. ಆದರೆ ಫಾಕ್ಸ್ ವಿಷಯದಲ್ಲಿ ಅದು ತೀರಾ ಸುಲಭಕ್ಕೆ ಕೈಗೆ ಸಿಗುವ ಮಾತು. ಆ ಸುಳ್ಳು ಆಕಾಶ ಯಾರನ್ನೂ ವಂಚಿಸಲು ಕಟ್ಟಿದ್ದಲ್ಲ. ನಕ್ಷತ್ರ ದೀಪವೆಂದು ಎಲ್ಲರಿಗೂ ಗೊತ್ತಿತ್ತು, ಗೊತ್ತಿದ್ದೇ ಖುಷಿಪಟ್ಟರು. ಯಕ್ಷಗಾನದಲ್ಲಿ ರಾವಣನ ಕಿರೀಟ ಮರದ್ದೆಂದು ಯಾರೂ ದೂರುವುದಿಲ್ಲವಲ್ಲ. ಶ್ರೈನರ್‌ಗಳ ವೇಷ ಪೊಳ್ಳಾದದ್ದೂ ಹೌದು, ನಿರುಪದ್ರವಿಯೂ ಹೌದು. ಅದೇ ಸಂಘ 1922ರಿಂದ ಮಕ್ಕಳ ಉಚಿತ ಆಸ್ಪತ್ರೆಗಳನ್ನು ನಡೆಸಿತು. ಆ ನಿರ್ಣಯಕ್ಕೆ 1920ರ ಸಮ್ಮೇಳನದಲ್ಲಿ ಒಪ್ಪಿಗೆ ಗಿಟ್ಟಿಸಿದ ಭಾಷಣ ಮಾಡಿದವರು ಅಟ್ಲಾಂಟಾದವರೇ ಆದ ಫಾರೆಸ್ಟ್ ಅಡೇರ್. ಹಾಗಾದರೆ ಈ ಕಟ್ಟಡದ ಸುಳ್ಳು ಯಾವುದು? ಅದನ್ನು ಗುಮ್ಮಟದಲ್ಲಿ ಹುಡುಕಬಾರದು. ಪಕ್ಕದ ಗೋಡೆಗೆ ಹೋಗಬೇಕು.

ಅಲ್ಲಿ ಹೊರಗಿನಿಂದ ಹತ್ತುವ ಒಂದು ಮೆಟ್ಟಿಲಿತ್ತು. ಕಪ್ಪು ಪ್ರೇಕ್ಷಕರಿಗೆ ಬೇರೆ ಟಿಕೆಟ್ ಕಿಂಡಿ, ಬೇರೆ ಮೆಟ್ಟಿಲು, ಎಲ್ಲಕ್ಕಿಂತ ಮೇಲಿನ ಗ್ಯಾಲರಿ. ಅಲಂಕಾರದ ಮುಖಮಂಟಪವನ್ನಾಗಲಿ ಈಜಿಪ್ಟಿನ ನೃತ್ಯಶಾಲೆಯನ್ನಾಗಲಿ ಅವರು ಹಾಯಬೇಕಿರಲಿಲ್ಲ, ಹಾಯುವಂತಿರಲಿಲ್ಲ. ಚಾವಣಿಗೆ ಅತಿ ಹತ್ತಿರ, ರಂಗದಿಂದ ಅತಿ ದೂರ. 1962ರವರೆಗೆ ಹೀಗೇ ನಡೆಯಿತು. ವಾಸ್ತುಶಿಲ್ಪದ ಬರಹಗಳು ಕಮಾನಿಗೆ ಹತ್ತು ಪುಟ ಕೊಟ್ಟು ಈ ಮೆಟ್ಟಿಲಿಗೆ ಒಂದು ವಾಕ್ಯ ಕೊಡುತ್ತವೆ. ಆಫ್ರಿಕಾ ಖಂಡದ ಈಜಿಪ್ಟನ್ನು ಗೋಡೆಯ ಮೇಲೆ ಬರೆದು, ಆಫ್ರಿಕಾದಿಂದ ತಂದವರ ಮೊಮ್ಮಕ್ಕಳನ್ನು ಹೊರಗೋಡೆಯ ಮೆಟ್ಟಿಲಿಗೆ ಕಳಿಸಿದ ಕಟ್ಟಡ ಇದು. ಅಲಂಕಾರವನ್ನು ವಿವರಿಸುವಾಗಲೇ ಇದನ್ನೂ ವಿವರಿಸದಿದ್ದರೆ ಆ ವಿಮರ್ಶೆ ಪ್ರವಾಸಿ ಕೈಪಿಡಿಯಾಗುತ್ತದೆ.

ಇದಕ್ಕೊಂದು ಕಾನೂನಿನ ಉಪಕಥೆಯಿದೆ, ಯಾವ ಪ್ರಹಸನಕಾರನೂ ಇದಕ್ಕಿಂತ ಚೆನ್ನಾಗಿ ಬರೆಯಲಾರ. ಬಿಳಿಯರ ಸಂಘಗಳು ಕಪ್ಪು ಜನರನ್ನು ಸೇರಿಸಿಕೊಳ್ಳುತ್ತಿರಲಿಲ್ಲವಾದ್ದರಿಂದ ಅವರು ಸಮಾನಾಂತರ ಸಂಘಗಳನ್ನು ಕಟ್ಟಿಕೊಂಡರು. 1775ರಲ್ಲಿ ಬಾಸ್ಟನ್ನಿನ ಪ್ರಿನ್ಸ್ ಹಾಲ್ ಎಂಬಾತ ಬ್ರಿಟಿಷ್ ಸೈನಿಕರ ಲಾಡ್ಜೊಂದರಲ್ಲಿ ದೀಕ್ಷೆ ಪಡೆದ. 1784ರಲ್ಲಿ ಲಂಡನ್ನಿನಿಂದ ಸನ್ನದು ಬಂತು. ಇಂದಿಗೂ ಕಪ್ಪು ಮೇಸನ್‌ಗಳ ಪರಂಪರೆಗೆ ಅವನದೇ ಹೆಸರು. ಪೀಟರ್ ಆಗ್ಡನ್ ಎಂಬ ನಾವಿಕ 1843ರಲ್ಲಿ ಇದೇ ರೀತಿ ಇಂಗ್ಲೆಂಡಿನಿಂದ ಆಡ್ ಫೆಲೋಸ್ ಸನ್ನದು ತಂದ. 1893ರಲ್ಲಿ ಶಿಕಾಗೋದಲ್ಲಿ ಕಪ್ಪು ಶ್ರೈನರ್‌ಗಳ ಸಂಘವೂ ಹುಟ್ಟಿತು, ಫೆಜ್ ಟೋಪಿ ಸಮೇತ. ಬಿಳಿಯರಿಗೆ ಇದು ಸಹಿಸಲಿಲ್ಲ. ಜಾರ್ಜಿಯಾದ ಬಿಳಿಯ ನೈಟ್ಸ್ ಆಫ್ ಪಿಥಿಯಸ್ ತಮ್ಮ ಹೆಸರನ್ನೂ ಲಾಂಛನವನ್ನೂ ಕಪ್ಪು ಜನ ಬಳಸಬಾರದೆಂದು ಕೋರ್ಟಿಗೆ ಹೋದರು, ರಾಜ್ಯದ ನ್ಯಾಯಾಲಯದಲ್ಲಿ ಗೆದ್ದರು. 1912ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಟೆಕ್ಸಾಸಿನಲ್ಲಿ ಶ್ರೈನರ್‌ಗಳು ಹೂಡಿದ ಇಂಥದೇ ದಾವೆ 1929ರಲ್ಲಿ ಸುಪ್ರೀಂ ಕೋರ್ಟಿಗೆ ಬಂತು. ಇಷ್ಟು ವರ್ಷ ಸುಮ್ಮನಿದ್ದು ಈಗ ಹಕ್ಕು ಕೇಳುವಂತಿಲ್ಲ ಎಂದು ಕೋರ್ಟು ಕಪ್ಪು ಸಂಘದ ಪರ ನಿಂತಿತು. ಅರಬರಲ್ಲದವರು ಅರಬರ ವೇಷ ಹಾಕಿಕೊಂಡು, ನಮ್ಮ ವೇಷ ಕದ್ದರು ಎಂದು ಇನ್ನೊಬ್ಬರ ಮೇಲೆ ದಾವೆ ಹೂಡಿದ್ದರು! ತೀರ್ಪು ಬಂದ ವರ್ಷವೇ ಅಟ್ಲಾಂಟಾದ ಮಸೀದಿ-ಥಿಯೇಟರ್ ತೆರೆದದ್ದು.

ಒಂದೇ ಟೋಪಿ ಇಬ್ಬರ ತಲೆಯ ಮೇಲೂ ಒಂದೇ ಅರ್ಥ ಕೊಡಲಿಲ್ಲ ಎಂಬುದನ್ನೂ ಗಮನಿಸಬೇಕು. ಬಿಳಿಯ ವ್ಯಾಪಾರಿಗೆ ಫೆಜ್ ಒಂದು ಸಂಜೆಯ ಮೋಜು. ಗುಲಾಮಗಿರಿಯಿಂದಲೇ ನಿಮ್ಮ ಚರಿತ್ರೆ ಶುರು ಎಂದು ಹೇಳಿಸಿಕೊಂಡವನಿಗೆ ಈಜಿಪ್ಟ್, ಅರೇಬಿಯಾಗಳ ಹೆಸರು ಅದಕ್ಕೂ ಹಿಂದಿನ ಒಂದು ವಂಶಾವಳಿ. ನೋಬಲ್ ಡ್ರೂ ಅಲಿ ಕಟ್ಟಿದ ಮೂರಿಷ್ ಸೈನ್ಸ್ ಟೆಂಪಲ್ಲಿನವರು ಫೆಜ್ ತೊಟ್ಟದ್ದೂ ಈ ಹಸಿವಿನಿಂದಲೇ.

ಈಗ ಆಬರ್ನ್ ಅವೆನ್ಯೂಗೆ ಬರೋಣ. 1906ರ ಸೆಪ್ಟೆಂಬರಿನಲ್ಲಿ ಅಟ್ಲಾಂಟಾದ ಬಿಳಿಯ ಗುಂಪುಗಳು ಕಪ್ಪು ಜನರ ಮೇಲೆ ಎರಗಿ ಹತ್ಯಾಕಾಂಡ ನಡೆಸಿದ ಮೇಲೆ, ಪೇಟೆಯ ನಡುವೆ ಚದುರಿದ್ದ ಕಪ್ಪು ವ್ಯಾಪಾರಿಗಳು ಈ ಬೀದಿಯತ್ತ ಸರಿದರು. ಅಲ್ಲಿ ಗ್ರ್ಯಾಂಡ್ ಯುನೈಟೆಡ್ ಆರ್ಡರ್ ಆಫ್ ಆಡ್ ಫೆಲೋಸ್‌ನ ಜಾರ್ಜಿಯಾ ಶಾಖೆ ಆರು ಅಂತಸ್ತಿನ ಕಟ್ಟಡ ಎಬ್ಬಿಸಿತು. 1912ರಲ್ಲಿ ಅದನ್ನು ಉದ್ಘಾಟಿಸಿದವರು ಬುಕರ್ ಟಿ. ವಾಷಿಂಗ್ಟನ್. ಮುಂದಾಳು ಬೆಂಜಮಿನ್ ಡೇವಿಸ್, 'ಅಟ್ಲಾಂಟಾ ಇಂಡಿಪೆಂಡೆಂಟ್' ಪತ್ರಿಕೆಯ ಸಂಪಾದಕ. ಕಟ್ಟಿದ ಗುತ್ತಿಗೆದಾರ ರಾಬರ್ಟ್ ಫ್ಯಾರೋ ಕೂಡ ಕಪ್ಪು ಮನುಷ್ಯ. ಎರಡು ವರ್ಷದ ಮೇಲೆ ಪಕ್ಕದಲ್ಲೇ ಸಭಾಂಗಣ ಸೇರಿತು. ಅದು ಮುಂದೆ ರಾಯಲ್ ಥಿಯೇಟರ್ ಎಂಬ ಚಿತ್ರಮಂದಿರವಾಯಿತು. ಕಚೇರಿಗಳಲ್ಲಿ ವೈದ್ಯರು, ವಕೀಲರು. ತಾರಸಿಯಲ್ಲಿ ನೃತ್ಯಕ್ಕೆ ತೋಟ. ಸಭಾಂಗಣದ ಯಾವ ಸೀಟಿನಲ್ಲಿ ಬೇಕಾದರೂ ಕೂರಬಹುದಿತ್ತು. ಇದನ್ನು ಬರೆಯುವಾಗ ತೀರಾ ಸಣ್ಣ ಸಂಗತಿ ಎನ್ನಿಸುತ್ತದೆ. ಆ ಊರಿನಲ್ಲಿ ಅಂದು ಸಣ್ಣದಾಗಿರಲಿಲ್ಲ.

ಈ ಕಟ್ಟಡದಲ್ಲಿ ಸುಳ್ಳು ಆಕಾಶವಿಲ್ಲ. ಇಟ್ಟಿಗೆ, ಕಲ್ಲು, ಸುಟ್ಟಮಣ್ಣಿನ ಅಲಂಕಾರ. ಆ ಕಾಲದ ಅಮೆರಿಕದ ಪೇಟೆಗಳಲ್ಲಿ ಕಾಣುವ ಬಗೆಯೇ. ಆದರೆ ಬಾಗಿಲ ಬಳಿ ಕತ್ತೆತ್ತಿ ನೋಡಿದರೆ ಸುಟ್ಟಮಣ್ಣಿನ ಮಾನವ ಮುಖಗಳಿವೆ, ಅವು ಆಫ್ರಿಕನ್ ಚಹರೆಯವು. ಯುರೋಪಿನ ಮಾದರಿಯ ಕಟ್ಟಡದಲ್ಲಿ ಅಂಥ ಜಾಗಕ್ಕೆ ಗ್ರೀಕ್ ದೇವತೆಯೋ ರೋಮನ್ ಯೋಧನೋ ಬರುವುದು ರೂಢಿ. ಇವರು ರೂಢಿಯ ಚೌಕಟ್ಟು ಇಟ್ಟುಕೊಂಡು ಮುಖ ಬದಲಿಸಿದರು. ಫಾಕ್ಸ್‌ನ ಸಾವಿರ ಅಲಂಕಾರಗಳಲ್ಲಿ ಅದನ್ನು ಕಟ್ಟಿಸಿದವರ ಮುಖ ಎಲ್ಲೂ ಇಲ್ಲ. ಕಲೆಯಾಗಿ ಫಾಕ್ಸ್ ದೊಡ್ಡದು, ಅದರಲ್ಲಿ ನನಗೆ ಸಂಶಯವಿಲ್ಲ. ವಾಕ್ಯವಾಗಿ ಓದಿದರೆ ಆಬರ್ನ್ ಅವೆನ್ಯೂದ ಆ ನಾಲ್ಕಾರು ಮುಖಗಳೇ ಹೆಚ್ಚು ಹೇಳುತ್ತವೆ.

ಅದೇ ಬೀದಿಯಲ್ಲಿ ಮುಂದೆ, 1930ರ ದಶಕದ ಕೊನೆಗೆ, ಪ್ರಿನ್ಸ್ ಹಾಲ್ ಮೇಸನ್‌ಗಳ ಲಾಡ್ಜ್ ಎದ್ದಿತು. ಅದನ್ನು ಕಟ್ಟಿಸಿದವರು 1932ರಿಂದ ಸಂಘದ ಗ್ರ್ಯಾಂಡ್ ಮಾಸ್ಟರ್ ಆಗಿದ್ದ ಜಾನ್ ವೆಸ್ಲಿ ಡಾಬ್ಸ್. ಬೀದಿಗೆ 'ಸ್ವೀಟ್ ಆಬರ್ನ್' ಎಂಬ ಮುದ್ದಿನ ಹೆಸರು ಕೊಟ್ಟವರೂ ಅವರೇ. ಆ ಲಾಡ್ಜಿಗೆ ಥಿಯೇಟರ್ ಇರಲಿಲ್ಲ, ರೇಡಿಯೋ ಇತ್ತು. 1949ರಲ್ಲಿ ಜೆಸ್ಸಿ ಬ್ಲೇಟನ್ ಕೊಂಡ ಡಬ್ಲ್ಯೂಇಆರ್‌ಡಿ, ಕಪ್ಪು ಮಾಲೀಕತ್ವದ ಮೊದಲ ರೇಡಿಯೋ ಕೇಂದ್ರ, ಇಲ್ಲಿಂದ ಪ್ರಸಾರವಾಗುತ್ತಿತ್ತು. ಮಾರ್ಟಿನ್ ಲೂಥರ್ ಕಿಂಗ್ ಅವರ ಎಸ್‌ಸಿಎಲ್‌ಸಿ ಕಚೇರಿ ಇದ್ದದ್ದೂ ಇದೇ ಕಟ್ಟಡದಲ್ಲಿ. ತುರ್ತಾಗಿ ಮಾತಾಡಬೇಕಾದಾಗ ಕಿಂಗ್ ಪೊರಕೆಯ ಹಿಡಿಯಿಂದ ಚಾವಣಿಗೆ ಕುಟ್ಟುತ್ತಿದ್ದರು, ಮೇಲಿನಿಂದ ಮೈಕ್ ಇಳಿಬಿಡುತ್ತಿದ್ದರು ಎಂಬ ಕಥೆ ಊರಿನಲ್ಲಿ ಪ್ರಸಿದ್ಧ.

ಡಾಬ್ಸ್ ಅವರಿಗೆ ಆರು ಹೆಣ್ಣುಮಕ್ಕಳು. ಅವರಲ್ಲಿ ಮ್ಯಾಟಿವಿಲ್ಡಾ ಒಪೇರಾ ಗಾಯಕಿಯಾದರು. 1953ರಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ಹಾಡಿದ ಮೊದಲ ಕಪ್ಪು ಕಲಾವಿದೆ. 1956ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೇರಾದಲ್ಲಿ 'ರಿಗೊಲೆಟ್ಟೊ'ದ ಗಿಲ್ಡಾ. ಬೇರ್ಪಡಿಸಿ ಕೂರಿಸುವ ಸಭೆಯೆದುರು ಹಾಡುವುದಿಲ್ಲ ಎಂಬುದು ಅವರ ಪಟ್ಟು. ಈಗ ಈ ಎರಡು ಲಾಡ್ಜುಗಳ ದಾರಿ ಕೂಡುವುದನ್ನು ನೋಡಿ. ಅದೇ ಮೆಟ್ರೊಪಾಲಿಟನ್ ತಂಡ 1947ರಿಂದ 1968ರವರೆಗೆ ಪ್ರತಿ ವಸಂತದಲ್ಲಿ ಅಟ್ಲಾಂಟಾಕ್ಕೆ ಬಂದು ಪ್ರದರ್ಶನ ಕೊಡುತ್ತಿದ್ದದ್ದು ಫಾಕ್ಸ್‌ನಲ್ಲಿ. ಊರಿನ ಬಿಳಿಯ ಶ್ರೀಮಂತರಿಗೆ ಅದು ವರ್ಷದ ಹಬ್ಬ. ಮೆಟ್‌ನ ಗಾಯಕಿ ಹುಟ್ಟಿದ ಊರು, ಮೆಟ್ ಬರುವ ಥಿಯೇಟರು, ನಡುವೆ ಎರಡು ಮೈಲಿಯೂ ಇಲ್ಲ. ನಿಯಮ ಬದಲಾಗುವವರೆಗೆ ಅವರು ಆ ದೂರ ದಾಟಲಿಲ್ಲ. 1962ರಲ್ಲಿ ಎಲ್ಲರೂ ಒಟ್ಟಿಗೆ ಕೂತ ಸಭೆಯೆದುರು ಮ್ಯಾಟಿವಿಲ್ಡಾ ತಮ್ಮ ಊರಿನಲ್ಲಿ ಹಾಡಿದರು. ಅದೂ ಫಾಕ್ಸ್‌ನಲ್ಲಲ್ಲ, ನಗರದ ಆಡಿಟೋರಿಯಂನಲ್ಲಿ. 1964ರಲ್ಲಿ ಲಿಯೊಂಟೀನ್ ಪ್ರೈಸ್ ಮೆಟ್ ತಂಡದೊಂದಿಗೆ ಅಟ್ಲಾಂಟಾಕ್ಕೆ ಬಂದು 'ಡಾನ್ ಜೊವಾನಿ'ಯ ಡೊನಾ ಆನಾ ಆದರು.

1974ರಲ್ಲಿ ಸದರ್ನ್ ಬೆಲ್ ಎಂಬ ಟೆಲಿಫೋನ್ ಕಂಪನಿ ಫಾಕ್ಸ್ ಜಾಗದಲ್ಲಿ ತನ್ನ ಕೇಂದ್ರ ಕಚೇರಿ ಕಟ್ಟಲು ಹೊರಟಿತು. ಟಿವಿ ಬಂದು, ಜನ ಉಪನಗರಗಳಿಗೆ ಹೋಗಿ, ಥಿಯೇಟರು ಸೊರಗಿತ್ತು. 1975ರ ಆರಂಭದಲ್ಲಿ ಬಾಗಿಲು ಮುಚ್ಚಿತು. ಮುಂದಿನದು ಎಲ್ಲ ಪುಸ್ತಕಗಳಲ್ಲೂ ಇರುವ ಕಥೆ: ಶಾಲೆಯ ಮಕ್ಕಳಿಂದ ರಾಕ್ ಗಾಯಕರವರೆಗೆ ಸೇರಿದ 'ಸೇವ್ ದ ಫಾಕ್ಸ್' ಚಳವಳಿ, ಅಟ್ಲಾಂಟಾ ಲ್ಯಾಂಡ್‌ಮಾರ್ಕ್ಸ್ ಎಂಬ ಸಂಸ್ಥೆ ಸಾಲ ಮಾಡಿ ಕಟ್ಟಡ ಕೊಂಡದ್ದು, 1976ರ ಜುಲೈನಲ್ಲಿ ಲಿನರ್ಡ್ ಸ್ಕಿನರ್ಡ್ ತಂಡ ಅಲ್ಲಿ ಹಾಡಿ ಧ್ವನಿಮುದ್ರಿಸಿದ್ದು, 1978ಕ್ಕೆ ಸಾಲ ತೀರಿದ್ದು. ಓದಲು ಚೆಂದದ ಕಥೆ, ನಿಜವೂ ಹೌದು. ಈ ಕಥೆ ಹೇಳುವವರು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ದಾಟಿಬಿಡುವ ಸಂಗತಿ ಇನ್ನೊಂದಿದೆ. ಕಟ್ಟಡ ಕೆಡವಲು ನಗರಾಡಳಿತ ಪರವಾನಗಿ ಕೊಡಲಿಲ್ಲ. ಆ ಬಿಡುವು ಸಿಕ್ಕಿದ್ದರಿಂದಲೇ ಒಪ್ಪಂದಕ್ಕೆ ಕಾಲ ಸಿಕ್ಕಿತು. ಆಗಿನ ಮೇಯರ್ ಮೇನಾರ್ಡ್ ಜಾಕ್ಸನ್, ಅಟ್ಲಾಂಟಾದ ಮೊದಲ ಕಪ್ಪು ಮೇಯರ್, 1974ರ ಜನವರಿಯಲ್ಲಿ ಅಧಿಕಾರಕ್ಕೆ ಬಂದವರು. ಅವರ ತಾಯಿ ಐರೀನ್. ಐರೀನ್ ಅವರ ತಂದೆ ಪ್ರಿನ್ಸ್ ಹಾಲ್ ಲಾಡ್ಜಿನ ಜಾನ್ ವೆಸ್ಲಿ ಡಾಬ್ಸ್. ಅಧಿಕಾರ ಸ್ವೀಕಾರದ ಸಮಾರಂಭದಲ್ಲಿ ಹಾಡಿದವರು ಚಿಕ್ಕಮ್ಮ ಮ್ಯಾಟಿವಿಲ್ಡಾ.

ಒಂದು ಲಾಡ್ಜ್ ಕಟ್ಟಿ ಕಳೆದುಕೊಂಡದ್ದನ್ನು ಇನ್ನೊಂದು ಲಾಡ್ಜಿನ ಮೊಮ್ಮಗನ ಆಡಳಿತ ಉರುಳದಂತೆ ತಡೆಯಿತು. ಇದನ್ನು ಔದಾರ್ಯವೆಂದು ನಾನು ಬಣ್ಣಿಸಲಾರೆ; ಮೇಯರರ ಮನಸ್ಸಿನೊಳಗೆ ಏನಿತ್ತೋ. ಆದರೆ ಫಾಕ್ಸ್ ಉಳಿದ ಕಥೆಯನ್ನು ಆಬರ್ನ್ ಅವೆನ್ಯೂ ಇಲ್ಲದೆ ಹೇಳಲು ಬರುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಉಳಿಸುವ ಚಳವಳಿಗಳು ಕಟ್ಟಡಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಫಾಕ್ಸ್ 1976ರಲ್ಲೇ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಯಿತು. ಆಬರ್ನ್ ಅವೆನ್ಯೂವನ್ನು ಹೆದ್ದಾರಿ ಸೀಳಿಕೊಂಡು ಹೋಯಿತು. ಆಡ್ ಫೆಲೋಸ್ ಕಟ್ಟಡದ ಜೀರ್ಣೋದ್ಧಾರಕ್ಕೆ 1980ರ ದಶಕ ಬರಬೇಕಾಯಿತು. ಪ್ರಿನ್ಸ್ ಹಾಲ್ ಲಾಡ್ಜ್ ಕಿಂಗ್ ಸ್ಮಾರಕ ಉದ್ಯಾನದ ಗಡಿಯೊಳಗೆ ಸೇರಿದ್ದು 2018ರ ಕಾಯಿದೆಯಿಂದ. ಬೆರಗು ಹುಟ್ಟಿಸುವ ಕಟ್ಟಡಕ್ಕೆ ಚಂದಾ ಬೇಗ ಕೂಡುತ್ತದೆ. ರಾಯಲ್ ಥಿಯೇಟರಿನಂಥ ಹಾಲಿಗೆ ಬೆರಗಿನ ಬಲವಿಲ್ಲ, ಅಲ್ಲಿ ನಡೆದದ್ದರ ಬಲ ಮಾತ್ರ.

ಅಟ್ಲಾಂಟಾದಲ್ಲಿ ಈಗ ಕನ್ನಡಿಗರು ಬೇಕಾದಷ್ಟಿದ್ದಾರೆ, ನೃಪತುಂಗ ಕನ್ನಡ ಕೂಟ ಅಲ್ಲಿನದೇ. ಬ್ರಾಡ್‌ವೇ ನಾಟಕವೋ ಸಂಗೀತವೋ ಎಂದು ನೆಂಟರನ್ನು ಫಾಕ್ಸ್‌ಗೆ ಕರೆದೊಯ್ಯುವವರೂ ಇರುತ್ತಾರೆ. ಹೋದವರು ನಕ್ಷತ್ರಗಳನ್ನು ಮನಸಾರೆ ನೋಡಲಿ, ಆರ್ಗನ್ ಕೇಳಲಿ, ಹೊರಬಂದಾಗ ಪಕ್ಕದ ಗೋಡೆಯನ್ನೊಮ್ಮೆ ಸುತ್ತಿ ಬರಲಿ. ಆಮೇಲೆ ಕಾರಿನಲ್ಲಿ ಹತ್ತು ನಿಮಿಷ ದಕ್ಷಿಣಕ್ಕೆ ಹೋದರೆ ಆಬರ್ನ್ ಅವೆನ್ಯೂ. ಆಡ್ ಫೆಲೋಸ್ ಬಾಗಿಲ ಮೇಲಿನ ಮುಖಗಳು ಹಗಲು ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತವೆ. ಅದಕ್ಕೆ ಟಿಕೆಟ್ಟೂ ಬೇಕಿಲ್ಲ.